ಖಲಾಸಣ್ಣನ ಮನೆ

ಕುವೈತಿನಲ್ಲಿ ಈಗಲೂ ಯಾವುದಾದರೂ ಕಾರ್ಯಕ್ರಮದ ಹಾಲ್‌ನಲ್ಲಿ, ಇಲ್ಲವೇ ಡಾಕ್ಟರ ಕೋಣೆಯ ಹೊರಗೆ ಕಾಯುತ್ತ ಕುಳಿತಾಗ, ನಮ್ಮ ಕಡೆಯವರೊಬ್ಬರು ನನ್ನ ಮುಖವನ್ನೇ ನೋಡುತ್ತ ಹತ್ತಿರ ಬರುತ್ತಾರೆ. ಏನು ಕೇಳಲಿದ್ದಾರೆಂಬುದು ಅವರ ತುಟಿಯ ಮೇಲಿನ ನಗುವಿನಿಂದಲೇ ನನಗೆ ಗೊತ್ತಾಗುತ್ತದೆ.

"ನೀವು ಖಲಾಸಣ್ಣನ ಮಗಳಲ್ವಾ?"

"ಅಲ್ಲ" ಎನ್ನುತ್ತೇನೆ. ಅವರು ಪೆಚ್ಚಾಗಿ ನಿಂತರೆ ನನಗೇನೂ ಪಾಪ ಅನ್ನಿಸುವುದಿಲ್ಲ. ಇಷ್ಟು ವರ್ಷವಾದರೂ ಸಿಟ್ಟು ಇಳಿಯಲಿಲ್ಲವಲ್ಲ ಎಂದು ಗೆಳತಿಯರು ಬೈಯುತ್ತಾರೆ. ಇಳಿಯಬೇಕಾದ ಸಿಟ್ಟು ಇದು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಒಬ್ಬ ಮನುಷ್ಯನ ಹೆಸರನ್ನು ಹತ್ತಾರು ಜನ ಸೇರಿ, ನಮ್ಮದೇ ಸೋಫಾದ ಮೇಲೆ ಕುಳಿತು, ನಮ್ಮದೇ ಮನೆಯ ಊಟ ಉಂಡು, ನಗುನಗುತ್ತ ಕಿತ್ತುಕೊಂಡರು. ಆ ಮನುಷ್ಯ ನನ್ನ ಅಪ್ಪ. ಮೂಗಿನ ತುದಿಯಲ್ಲೇ ಸಿಟ್ಟಿರುವ, ಯಾರನ್ನೂ ಅಡ್ಡಹೆಸರಿನಿಂದ ಕರೆಯದ, ಕರೆದರೆ ಸುಮ್ಮನಿರದ ಈ ಹೆಂಗಸು ತಯಾರಾದದ್ದು ಆ ಮನೆಯಲ್ಲೇ.

ಮನೆ ಎಂದರೆ ಮೈದಾನ್ ಹವಲ್ಲಿಯ ಹಳೇ ಕಟ್ಟಡವೊಂದರ ಮೂರನೇ ಮಹಡಿಯ ಫ್ಲಾಟು. ಒಂದು ಹಾಲ್, ಒಂದು ಮಲಗುವ ಕೋಣೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ. ಅಡುಗೆಮನೆಯ ಕಿಟಕಿ ತೆರೆದರೆ ಅಕ್ಕಪಕ್ಕದವರ ಎಸಿಗಳ ಬಿಸಿಗಾಳಿ ನೇರ ಮುಖಕ್ಕೆ ಹೊಡೆಯುತ್ತಿತ್ತು. ಅಮ್ಮ ಅದನ್ನು ತೆರೆಯುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಟೆರೇಸಿನ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತಿತ್ತಾದ್ದರಿಂದ ನಾವು ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ನಿಂತು ತಣಿದ ನೀರನ್ನು ಸ್ನಾನಕ್ಕೆ ಬಳಸುತ್ತಿದ್ದೆವು. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುವುದೇ ಲೋಕದ ನಿಯಮ ಎಂದು ನಾನು ತುಂಬ ದಿನ ನಂಬಿದ್ದೆ. ಅಪ್ಪ ಶರ್ಕ್‌ನ ಒಂದು ಕಚೇರಿಯಲ್ಲಿ ಗುಮಾಸ್ತರು; ಬಂದರಿಗೆ ಬಂದ ಸಾಮಾನು ಬಿಡಿಸಿಕೊಡುವ ಕಂಪನಿ ಅದು. ಮನೆಯ ಮಾತು ತುಳು. ಅಮ್ಮ ಹಟ ಹಿಡಿದು ನನಗೆ ಕನ್ನಡ ಓದಲು ಕಲಿಸಿದಳು. ನಾನು ಎರಡಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ.

ವಾರವಿಡೀ ಆ ಮನೆ ನಮ್ಮದು. ಶುಕ್ರವಾರ ಮಾತ್ರ ಅದು 'ಬೊಳ್ಳಿ ಇಲೆವೆನ್'ನದು. ಬೊಳ್ಳಿ ಇಲೆವೆನ್ ಎಂದರೆ ನಮ್ಮ ಕಡೆಯ ಹುಡುಗರ ಕ್ರಿಕೆಟ್ ತಂಡ. ಟೆನಿಸ್ ಬಾಲಿಗೆ ಟೇಪ್ ಸುತ್ತಿ, ಜಹ್ರಾ ದಾರಿಯ ಮರಳು ಬಯಲಿನಲ್ಲಿ ಮ್ಯಾಟ್ ಹಾಸಿ ಆಡುತ್ತಿದ್ದರು. ಆಡುವವರು ಹನ್ನೊಂದು ಮಂದಿಯಾದರೆ ನೋಡುವವರು ಅದರ ಮೂರು ಪಟ್ಟು. ತುಳುವಿನವರು, ಕೊಂಕಣಿಯ ಕ್ರಿಶ್ಚಿಯನ್ನರು, ಬ್ಯಾರಿಗಳು ಎಲ್ಲರೂ ಇದ್ದುದರಿಂದ ಹರಟೆ ಕನ್ನಡದಲ್ಲೇ ನಡೆಯುತ್ತಿತ್ತು. ಅಪ್ಪ ಆಡುವವರಲ್ಲ, ನೀರಿನ ಕ್ಯಾನು, ಕಿತ್ತಳೆ, ಬ್ಯಾಂಡೇಜು ಹೊತ್ತುಕೊಂಡು ಹೋಗುವ ಅಭಿಮಾನಿ. ಮ್ಯಾಚ್ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಬರುತ್ತಿದ್ದುದು ನಮ್ಮ ಮನೆಗೆ. ಮೆಟ್ಟಿಲಿನವರೆಗೂ ಶೂಗಳು. ಕಾರ್ಪೆಟ್ಟಿನ ತುಂಬ ಮರಳು. ಅಮ್ಮ ಬೆಳಿಗ್ಗೆ ಎದ್ದು ಕೋಳಿ ಸಾರು ಮಾಡಿ, ಊರಿಂದ ತರಿಸಿದ ಗರಿಗರಿ ಒಣರೊಟ್ಟಿಯ ಕಟ್ಟು ಬಿಚ್ಚಿ, ಇನ್ನೊಂದು ಒಲೆಯಲ್ಲಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಇಟ್ಟು ಕಾಯುತ್ತಿದ್ದಳು. ಉಂಡವರು ಕೈ ತೊಳೆದು ಅವಳ ಟವೆಲಿಗೇ ಒರೆಸಿಕೊಳ್ಳುತ್ತಿದ್ದರು.

ಅವರ ಮಾತು ನನಗೆ ಮೊದಮೊದಲು ಬಹಳ ಇಷ್ಟವಾಗಿತ್ತು. ಹೊರಗಿನವರಿಗೆ ತಲೆಬುಡ ಅರ್ಥವಾಗದ ಮಾತು ಅದು. ಅಂಪೈರಿಗೆ ಅವರು 'ಕಫೀಲ್' ಎನ್ನುತ್ತಿದ್ದರು, ಯಾಕೆಂದರೆ ವೀಸಾ ಕೊಟ್ಟ ಧಣಿಯ ಹತ್ತಿರ ಹೇಗೋ ಹಾಗೆ ಅವನ ಹತ್ತಿರವೂ ಜಗಳ ಮಾಡಿ ಗೆಲ್ಲಲು ಬರುವುದಿಲ್ಲ. ಯಾರಾದರೂ ಔಟಾದರೆ, ಈ ದೇಶದಲ್ಲಿರುವ ಪರವಾನಗಿ ಮುಗಿದವನ ಹಾಗೆ, 'ಅವನ ಇಕಾಮಾ ಮುಗೀತು'. ಎದುರಿನವರು ಕ್ಯಾಚ್ ಬಿಟ್ಟು ಅವನು ಬದುಕಿಕೊಂಡರೆ 'ಇಕಾಮಾ ರಿನ್ಯೂ'. ಅರಬ್ಬೀ ರೊಟ್ಟಿಯ ಹಾಗೆ ಎಲ್ಲರೂ ಹರಿದು ತಿನ್ನುವ ಬೌಲರು 'ಖುಬೂಸ್'. ಮೇಲೆ ಎದ್ದು ಮೆತ್ತಗೆ ಕೈಗೆ ಬೀಳುವ ಸುಲಭದ ಕ್ಯಾಚು 'ಗೋಳಿಬಜೆ'. ಇವೆಲ್ಲ ಹುಟ್ಟುತ್ತಿದ್ದುದು ದಾಮೋದರ ಅಂಕಲ್ ಬಾಯಿಯಿಂದ. ದಪ್ಪ ಮೀಸೆ, ಗಟ್ಟಿ ಧ್ವನಿ. ಅವರು ಒಂದು ಹೆಸರಿಟ್ಟರೆಂದರೆ ಮುಗಿಯಿತು, ಮುಂದಿನ ಶುಕ್ರವಾರದೊಳಗೆ ಅದು ಸಾಲ್ಮಿಯಾ, ಫಹಾಹೀಲ್ ಎಲ್ಲ ಸುತ್ತಿ ಬರುತ್ತಿತ್ತು. ಎಲ್ಲರಿಗೂ ಹೆಸರಿಟ್ಟ ಆ ಮನುಷ್ಯನಿಗೆ ಯಾರೂ ಒಂದು ಅಡ್ಡಹೆಸರು ಇಡಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಈ ಗುಂಪಿನಲ್ಲಿ ಒಂದು ಪದಕ್ಕೆ ನಿಷೇಧವಿತ್ತು. ಖಲಾಸ್. ಕುವೈತಿನಲ್ಲಿ ಬದುಕುವವರು ದಿನಕ್ಕೆ ಎಷ್ಟು ಸಲ ಈ ಪದ ಹೇಳುತ್ತಾರೋ ಲೆಕ್ಕವಿಲ್ಲ. ಕೆಲಸ ಆಯಿತೆಂದರೂ ಖಲಾಸ್, ಬಸ್ಸು ಹೋಯಿತೆಂದರೂ ಖಲಾಸ್, ಇನ್ನು ಮಾತು ಬೇಡ ಎಂದರೂ ಖಲಾಸ್. ಆದರೆ ಬೊಳ್ಳಿಯ ಮ್ಯಾಚಿನಲ್ಲಿ ಕೊನೆಯ ಬಾಲ್ ಬೀಳುವ ತನಕ ಯಾರೂ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹಿಂದೆ ಯಾವಾಗಲೋ, ಯಾರೋ ಮುಂಚೆಯೇ ಹೇಳಿ, ಗೆಲ್ಲುವ ಮ್ಯಾಚು ಕೈಬಿಟ್ಟು ಹೋಗಿತ್ತಂತೆ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವ ಗಂಡಸರು ಇದನ್ನು ದೇವರ ನೇಮದ ಹಾಗೆ ಪಾಲಿಸುತ್ತಿದ್ದರು.

ಆ ಫೈನಲ್ ದಿನ ನಾನು ಅಪ್ಪನ ಪಕ್ಕದಲ್ಲೇ ಇದ್ದೆ. ಎರಡನೇ ಕ್ಲಾಸೋ ಮೂರನೆಯದೋ. ಬೆಳಗಿನ ಚಳಿ ಹೋಗಿ ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ಕೊನೆಯ ಬಾಲಿಗೆ ಎದುರಾಳಿಗಳಿಗೆ ಸಿಕ್ಸರೇ ಬೇಕಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾಗ ನಾನು ಅಪ್ಪನ ಅಂಗಿ ಜಗ್ಗಿ "ಪಪ್ಪಾ, ವಾಟರ್" ಎಂದೆ. ಅಪ್ಪ ಕ್ಯಾನನ್ನು ಬಗ್ಗಿಸಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಕಚೇರಿಯಲ್ಲಿ ಇಡೀ ದಿನ ಆಡುವ ಮಾತು ತಾನಾಗಿಯೇ ಬಾಯಿಗೆ ಬಂತು.

"ಖಲಾಸ್, ಮಗಾ."

ಅದೇ ಹೊತ್ತಿಗೆ ಬಾಲು ಮೇಲೆದ್ದಿತು. ಶುದ್ಧ ಗೋಳಿಬಜೆ. ಬೌಂಡರಿಯ ಗೆರೆಯ ಹತ್ತಿರ ಅದರ ಕೆಳಗೆ ನಿಂತಿದ್ದವನು ದಾಮೋದರ ಅಂಕಲ್‌ನ ಸ್ವಂತ ತಮ್ಮ ಹರೀಶ. ಅವನ ಎರಡು ಕೈಗೂ ಬಂದ ಬಾಲು ಪುಟಿದು ಗೆರೆಯ ಆಚೆ ಬಿತ್ತು. ಸಿಕ್ಸ್. ಕಪ್ ಹೋಯಿತು. ಕ್ಯಾಚ್ ಬಿಟ್ಟವನು ಹರೀಶ ಎಂದು ಮೈದಾನದಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಆದರೆ ದಾಮೋದರ ಅಂಕಲ್ ತಮ್ಮನ ಕಡೆ ತಿರುಗಲೇ ಇಲ್ಲ. ಸೀದಾ ನಮ್ಮ ಕಡೆ ತಿರುಗಿದರು.

"ಎಂತ ಮಾರಾಯ್ರೆ ನೀವು? ಬಾಲ್ ಬೀಳುವ ಮೊದಲೇ ಖಲಾಸ್ ಅಂದದ್ದಲ್ವಾ? ಖಲಾಸಣ್ಣ ನೀವು, ಖಲಾಸಣ್ಣ."

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಸೋತ ನೋವಿಗೆ ಒಂದು ದಾರಿ ಸಿಕ್ಕಿದಂತಾಗಿತ್ತು ಅವರಿಗೆ. ನಾನು ನನ್ನ ಕೈಲಾದಷ್ಟು ಗಟ್ಟಿಯಾಗಿ ಹೇಳಿದೆ.

"ನೋ ಅಂಕಲ್. ನಾನು ವಾಟರ್ ಕೇಳಿದ್ದು. ವಾಟರ್ ಖಲಾಸ್."

"ನೋಡಿ, ಮಗಳು ಅಪ್ಪನ ವಕೀಲೆ" ಎಂದರು ದಾಮೋದರ ಅಂಕಲ್. ಮತ್ತೆ ನಗು. ಹರೀಶ ಒಂದು ಮೂಲೆಯಲ್ಲಿ ಶೂ ಬಿಚ್ಚುತ್ತ ತಲೆ ತಗ್ಗಿಸಿ ಕುಳಿತಿದ್ದ. ಅವನಿಗೆ ಅವತ್ತು ಯಾರೂ ಒಂದು ಮಾತು ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಅಪ್ಪ ನಕ್ಕುಬಿಟ್ಟರು. "ಹೌದು ಮಾರಾಯ, ನನ್ನದೇ ಬಾಯಿ" ಎಂದರು. ಆ ನಗುವನ್ನು ನಾನು ಅವರಿಗೆ ಇನ್ನೂ ಮಾಫಿ ಮಾಡಿಲ್ಲ.

ಕಥೆ ಬೆಳೆಯುವುದನ್ನು ನಾನು ನಮ್ಮ ಹಾಲ್‌ನಲ್ಲೇ ಕುಳಿತು ನೋಡಿದೆ. ಮೊದಲ ವಾರ, ಅಪ್ಪ ಮೆಲ್ಲಗೆ ಖಲಾಸ್ ಅಂದಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಎದ್ದು ನಿಂತು ಹೇಳಿದ್ದರು. ಮರುವರ್ಷಕ್ಕೆ ಎರಡೂ ಕೈ ಮೇಲೆತ್ತಿ "ಖಲಾಸ್, ಕಪ್ ನಮ್ಮದು" ಎಂದು ಕೂಗಿದ್ದರು, ಆ ಕೂಗಿಗೇ ಹರೀಶ ಬೆಚ್ಚಿ ಕ್ಯಾಚ್ ಬಿಟ್ಟಿದ್ದ. ಆ ಮ್ಯಾಚನ್ನು ನೋಡದವರು, ಆಗಿನ್ನೂ ಕುವೈತಿಗೇ ಬಾರದವರು, ನಮ್ಮ ರೊಟ್ಟಿಯನ್ನು ಸಾರಿನಲ್ಲಿ ಅದ್ದುತ್ತ ಇದನ್ನು ಸಾಕ್ಷಿ ನುಡಿದವರಂತೆ ಹೇಳುತ್ತಿದ್ದರು. ನಾನು ಒಮ್ಮೆ ಅಡ್ಡಬಾಯಿ ಹಾಕಿದಾಗ ಹೊಸಬನೊಬ್ಬ "ನಿನಗೆಂತ ಗೊತ್ತುಂಟು, ಮರಿ ಖಲಾಸ್?" ಎಂದ. ಅವನು ಅಲ್ಲಿರಲಿಲ್ಲ, ನಾನಿದ್ದೆ. ಆದರೂ ಗೊತ್ತಿಲ್ಲದವಳು ನಾನಾದೆ. ಅಂದಿನಿಂದ ಅಮ್ಮ ಖಲಾಸಕ್ಕ, ಫ್ಲಾಟು ಖಲಾಸ್ ಮನೆ. ತಂಡ ಎಲ್ಲಿ ಸೋತರೂ ಅಪ್ಪನ ಕಾಲ್ಗುಣ ಹುಡುಕುತ್ತಿದ್ದರು. ಅಪ್ಪ ಬಂದ ದಿನ ಗೆದ್ದರೆ ಅದು ಆಟಗಾರರ ತಾಕತ್ತು.

ಆಮೇಲೆ ಫೈನಲ್‌ಗಳಿಗೆ ಬರಬೇಡಿ ಎಂದರು. ಅಪ್ಪ ನೀರಿನ ಕ್ಯಾನು ತುಂಬಿಸಿ ಇನ್ನೊಬ್ಬರ ಕಾರಿನಲ್ಲಿ ಕಳಿಸಿ ಮನೆಯಲ್ಲೇ ಕುಳಿತರು. ಅದಕ್ಕಿಂತ ಹೆಚ್ಚಿನದು ನಮ್ಮದೇ ಮನೆಯಲ್ಲಿ ನಡೆಯಿತು. ಟೀವಿಯಲ್ಲಿ ಇಂಡಿಯಾದ ದೊಡ್ಡ ಮ್ಯಾಚಿದ್ದ ಒಂದು ಮಧ್ಯಾಹ್ನ ಹಾಲ್ ತುಂಬ ಜನ. ಆಟ ಬಿಗಿಯಾಗುತ್ತಿದ್ದಂತೆ ದಾಮೋದರ ಅಂಕಲ್, ಕಣ್ಣು ಟೀವಿಯಿಂದ ಕದಲಿಸದೆ, ಬಹಳ ವಿನಯದಿಂದಲೇ ಹೇಳಿದರು.

"ಖಲಾಸಣ್ಣ, ಬೇಜಾರು ಮಾಡ್ಕೊಳ್ಬೇಡಿ, ಸ್ವಲ್ಪ ಹೊತ್ತು ಒಳಗೆ ಹೋಗ್ತೀರಾ?"

ಅಪ್ಪ ತಾನು ಕೊಂಡ ಟೀವಿಯ ಮುಂದಿನಿಂದ ಎದ್ದು ಅಡುಗೆಮನೆಗೆ ಹೋದರು. ಅಮ್ಮ ಬಾಗಿಲಿಗೆ ಸರಿದು ಜಾಗ ಕೊಡಬೇಕಾಯಿತು. ಅಪ್ಪ ತಲೆಕೆಳಗೆ ಮಾಡಿದ ಬಕೆಟ್ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯಲು ಶುರುಮಾಡಿದರು. ಹಾಲ್‌ನಿಂದ ಕೂಗು ಬಂದಾಗಲೆಲ್ಲ ನನ್ನ ಮುಖ ನೋಡಿ, ಫೋರಾ, ಔಟಾ ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು. ನಾನು ಹೋಗಿ ನೋಡಿ ಬಂದು ಹೇಳುತ್ತಿದ್ದೆ. ಇಂಡಿಯಾ ಗೆದ್ದಿತು. ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಬಂದು ಅಪ್ಪನ ಕೈ ಕುಲುಕಿ "ನೀವು ಒಳಗಿದ್ದದ್ದಕ್ಕೇ ಗೆದ್ದದ್ದು" ಎಂದು ಹೊಗಳಿದರು. ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಮ್ಯಾಚ್ ಬಿಗಿಯಾದರೆ ಅಪ್ಪ ತಾವಾಗಿಯೇ ಏಳುತ್ತಿದ್ದರು.

ಆ ಮೊದಲ ದಿನ ಜನ ಹೋದ ಮೇಲೆ ಅಮ್ಮ ಕಾರ್ಪೆಟ್ ಗುಡಿಸುತ್ತ ಜಗಳ ತೆಗೆದಳು.

"ನಾಯಿಯನ್ನು ಹೊರಗೆ ಕಳಿಸಿದ ಹಾಗೆ ಕಳಿಸ್ತಾರೆ. ನಿಮಗೆ ಎಂತ ಅನ್ನಿಸುದಿಲ್ವಾ?"

"ತಮಾಷೆಗೆ ಹೇಳುದು ಮಾರಾಯ್ತಿ. ಪರದೇಶದಲ್ಲಿ ನಾಲ್ಕು ಜನ ನಮ್ಮವರು ಅಂತ ಬೇಡ್ವಾ?"

"ನಮ್ಮವರಾ? ನಮ್ಮವರಿಗೆ ನಿಮ್ಮ ಹೆಸರು ನೆನಪುಂಟಾ ಕೇಳಿ ನೋಡುವ."

ಅಪ್ಪ ಅವಳ ಕೈಯ ಪೊರಕೆ ತೆಗೆದುಕೊಂಡು ತಾವೇ ಗುಡಿಸತೊಡಗಿದರು. ಅವರ ಭಯ ನನಗೆ ಈಗ ಅರ್ಥವಾಗುತ್ತದೆ. ವಾರಕ್ಕೊಂದು ದಿನ ಮನೆಗೆ ಯಾರೂ ಬಾರದೆ ಹೋದರೆ ಈ ಊರಿನಲ್ಲಿ ತಾನು ಬರೀ ಒಬ್ಬ ಗುಮಾಸ್ತ ಎಂಬ ಭಯ ಅದು. ಅರ್ಥವಾದರೂ ನನ್ನ ಸಿಟ್ಟು ಕಡಿಮೆಯಾಗುವುದಿಲ್ಲ. ಒಂಟಿತನಕ್ಕೆ ಹೆದರುವವನನ್ನು ಆಟದ ಸಾಮಾನು ಮಾಡಿಕೊಳ್ಳುವುದು ಸುಲಭ, ಅದು ಅವರಿಗೂ ಗೊತ್ತಿತ್ತು.

ನನ್ನ ಸಿಟ್ಟು ಜನರ ಮುಂದೆ ಮೊದಲ ಸಲ ಹೊರಬಿದ್ದದ್ದು ಒಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ. ಅಮ್ಮ ತಿಂಗಳುಗಟ್ಟಲೆ ಕಲಿಸಿದ ನೃತ್ಯ, ಬಾಡಿಗೆಗೆ ತಂದ ಗೆಜ್ಜೆ, ಕೆನ್ನೆಗೆಲ್ಲ ಬಣ್ಣ. ಮೈಕು ಹಿಡಿದಿದ್ದವನು "ಈಗ ನಮ್ಮೆಲ್ಲರ ಪ್ರೀತಿಯ ಖಲಾಸಣ್ಣನ ಮಗಳಿಂದ" ಎಂದ. ಹಾಲ್ ಇಡೀ ನಕ್ಕಿತು. ನಾನು ವೇದಿಕೆಯ ನಡುವಿನವರೆಗೆ ನಡೆದು ಹೋಗಿ, ಹಾಡು ಶುರುವಾದ ಮೇಲೆ, ಹಾಗೇ ತಿರುಗಿ ಇನ್ನೊಂದು ಬದಿಯಿಂದ ಇಳಿದು ಬಂದೆ. ಹಾಡು ಖಾಲಿ ವೇದಿಕೆಯಲ್ಲಿ ಪೂರ್ತಿ ನುಡಿಯಿತು. ಅಪ್ಪನಿಗೆ ಮುಖ ಎತ್ತಲಾಗಲಿಲ್ಲ. ಮನೆಗೆ ಬಂದ ಮೇಲೆ ಬೆನ್ನಿಗೆ ಎರಡು ಬೀಳುತ್ತದೆ ಎಂದುಕೊಂಡಿದ್ದೆ. ಅಮ್ಮ ನನ್ನ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಗೆಜ್ಜೆ ಬಿಚ್ಚಿದಳು, ಆಮೇಲೆ ಮೊಟ್ಟೆ ಹುರಿದುಕೊಟ್ಟಳು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನಿಗೆ ಕಚೇರಿಯಲ್ಲೇ ಎದೆನೋವು ಬಂತು. ಜೊತೆಗಾರರು ಸರಕಾರಿ ಆಸ್ಪತ್ರೆಗೆ ಸೇರಿಸಿದರು. ರಕ್ತನಾಳ ಕಟ್ಟಿಕೊಂಡಿತ್ತಂತೆ, ಬಿಡಿಸಿ, ವಾರ್ಡಿಗೆ ತಂದು ಮಲಗಿಸಿದರು. ಮರುದಿನ ಬೆಳಿಗ್ಗೆ ನಾವು ಹೋದಾಗ ಎದ್ದು ಕುಳಿತಿದ್ದರು. ನಮ್ಮ ಕಡೆಯವಳೇ ಆದ ಕೊಂಕಣಿಯ ನರ್ಸೊಬ್ಬಳು, ಸಂಜೆ ಗಂಜಿ ತಂದುಕೊಡಬಹುದು, ಉಪ್ಪು ಮಾತ್ರ ಬೇಡ ಎಂದಳು. ಅಮ್ಮ ಅಷ್ಟಕ್ಕೇ ಅರ್ಧ ಗೆದ್ದವಳಂತೆ ಮನೆಗೆ ಬಂದು ಕುಚ್ಚಲಕ್ಕಿ ತೊಳೆದಳು.

ಅದೇ ಮಧ್ಯಾಹ್ನ ತಂಡದ ಇಬ್ಬರು ಹೊಸ ಹುಡುಗರು ಅಪ್ಪನನ್ನು ನೋಡಲು ಆಸ್ಪತ್ರೆಗೆ ಹೋದರು. ಒಳ್ಳೆಯ ಮನಸ್ಸಿನಿಂದಲೇ ಹೋದರು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಅಷ್ಟು ಸಲ ಉಂಡ ಆ ಇಬ್ಬರಿಗೂ ಅಪ್ಪನ ಹೆಸರು ಗೊತ್ತಿರಲಿಲ್ಲ. ಯಾವ ವಾರ್ಡೆಂದು ಕೇಳಲು ಕೌಂಟರಿನ ಅರಬ್ಬೀ ಗುಮಾಸ್ತನ ಮುಂದೆ ನಿಂತು, ಬರುವ ನಾಲ್ಕು ಪದ ಜೋಡಿಸಿ, "ಹಿಂದಿ. ಖಲಾಸ್" ಎಂದರು. ಇಂಡಿಯಾದವನು, ಮುಗಿದ. ಯಾರು ಮುಗಿದದ್ದು ಎಂದು ಅವನು ಕೇಳಿದ. ಇವರು ಎದೆ ಮುಟ್ಟಿ ತೋರಿಸಿ ಮತ್ತೆ "ಖಲಾಸ್, ಖಲಾಸ್" ಎಂದರು. ಗುಮಾಸ್ತ ಎದ್ದು ನಿಂತು, "ಅಲ್ಲಾ ಯರ್ಹಮಾ" ಎಂದು ಸತ್ತವರಿಗೆ ಹೇಳುವ ಮಾತು ಹೇಳಿ, ಶವಾಗಾರ ಕೆಳಗಿದೆ ಎಂದು ಕೈ ತೋರಿಸಿದ. ಅವನದೇನು ತಪ್ಪು? ಹುಡುಗರು ಕೆಳಗೆ ಹೋಗುವ ಧೈರ್ಯವಿಲ್ಲದೆ ದಾಮೋದರ ಅಂಕಲ್‌ಗೆ ಫೋನ್ ಮಾಡಿದರು. ಅವರು ನಮ್ಮ ಮನೆಗೆ ಮಾಡಿದರು.

ಅಮ್ಮ ಫೋನ್ ಕಿವಿಗಿಟ್ಟುಕೊಂಡು ಕೇಳಿದಳು, ಕೇಳಿ, ಅಲ್ಲೇ ನೆಲದ ಮೇಲೆ ಕುಳಿತಳು. ಅಳಲಿಲ್ಲ. ನಾನು ಫೋನ್ ತೆಗೆದುಕೊಂಡಾಗ ದಾಮೋದರ ಅಂಕಲ್ ಇನ್ನೂ "ಧೈರ್ಯ ತಗೊಳ್ಳಿ ಅಕ್ಕ" ಎನ್ನುತ್ತಿದ್ದರು. ಯಾರು ಹೇಳಿದರೋ, ಪಕ್ಕದ ಫ್ಲಾಟಿನವರು ಬಂದರು. ಸಾವಿನ ಮನೆಯಲ್ಲಿ ಬೇಯಿಸಬಾರದೆಂದು ಒಬ್ಬರು ಗಂಜಿಯ ಒಲೆ ಆರಿಸಿದರು. ಊರಿಗೂ ಸುದ್ದಿ ಹೋಯಿತು. ಅಲ್ಲಿ ನನ್ನ ಅಜ್ಜಿ ತನ್ನ ಮಗ ಸತ್ತನೆಂದು ಅಂಗಳದಲ್ಲಿ ಬಿದ್ದು ಹೊರಳಾಡಿದಳು. ಆಮೇಲೆ ನಿಜ ತಿಳಿದರೂ ಅವಳು ನಂಬಲಿಲ್ಲ. ಸಾಯುವ ತನಕ, ನಾವು ಯಾವಾಗ ಫೋನ್ ಮಾಡಿದರೂ ಮೊದಲು ಅವನ ಧ್ವನಿ ಕೇಳಿಸಿ ಎಂದು ಹಟ ಮಾಡುತ್ತಿದ್ದಳು.

ನಾನು ಅಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕುಳಿತಿದ್ದ ಮನುಷ್ಯ ಮಧ್ಯಾಹ್ನ ಸತ್ತನೆಂದು ಹೇಳಲು ಇವರು ಯಾರು ಎಂಬ ಸಿಟ್ಟು ನನಗೆ. ಇವರು ಹೇಳಿದ ಯಾವುದು ನಿಜವಾಗಿತ್ತು ಇದು ನಿಜವಾಗಲು? ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅಪ್ಪನ ಮೊಬೈಲಿಗೇ ಫೋನ್ ಮಾಡಿದೆ. ರಿಂಗಾಯಿತು. ಎತ್ತಿದರು.

"ಎಂತ ಮಗಾ, ಗಂಜಿ ಆಯ್ತಾ?"

ಸಂಜೆ ನೋಡಲು ಬಿಡುವ ಹೊತ್ತಿಗೆ ನಾವು ಗಂಜಿಯ ಡಬ್ಬಿ ಹಿಡಿದು ವಾರ್ಡಿನಲ್ಲಿದ್ದೆವು. ಹೋದವಳೇ ಅಮ್ಮ ಅಪ್ಪನ ಪಾದ ಮುಟ್ಟಿ ಬಿಸಿ ಇದೆಯೇ ಎಂದು ನೋಡಿದಳು. ಸ್ವಲ್ಪ ಹೊತ್ತಿಗೆ ದಾಮೋದರ ಅಂಕಲ್ ಬಂದರು, ಹಿಂದೆ ಆ ಇಬ್ಬರು ಹುಡುಗರು, ಕೈಯಲ್ಲಿ ಸೇಬು. ತಪ್ಪಾಯಿತೆಂದು ಹೇಳುತ್ತಾರೆಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಕಥೆ ಆಗಲೇ ತಯಾರಾಗಿತ್ತು.

"ಎಂತ ಖಲಾಸಣ್ಣ, ಸತ್ತು ಎದ್ದು ಬಂದ್ರಲ್ಲ. ದೇವರೇ ಕ್ಯಾಚ್ ಬಿಟ್ಟದ್ದು. ಇಕಾಮಾ ರಿನ್ಯೂ ಆಯ್ತು ನಿಮ್ದು."

ಹುಡುಗರು ನಕ್ಕರು. ಪಕ್ಕದ ಹಾಸಿಗೆಯ ಮಲಯಾಳಿಯೂ ಅರ್ಥವಾಗದೆ ನಕ್ಕ. ಅಪ್ಪ ತಮ್ಮ ಅಭ್ಯಾಸದಂತೆ ಬಾಯಿ ಅಗಲಿಸಿ ನಗಲು ಹೊರಟರು.

"ನೀವು ನಗಬೇಡಿ" ಎಂದಳು ಅಮ್ಮ.

ಅಪ್ಪನ ನಗು ಅರ್ಧಕ್ಕೇ ನಿಂತಿತು. ಅಮ್ಮ ಡಬ್ಬಿಯನ್ನು ಕೆಳಗಿಟ್ಟು ಎದ್ದು ನಿಂತಳು. ನಮ್ಮ ಕಡೆಯ ಆ ತಲೆಮಾರಿನ ಎಲ್ಲ ಹೆಂಗಸರಂತೆ ಅವಳೂ ಗಂಡನ ಹೆಸರು ಹಿಡಿದು ಮಾತಾಡಿದವಳಲ್ಲ. ನನ್ನ ಹತ್ತಿರ 'ನಿನ್ನಪ್ಪ', ಉಳಿದವರ ಹತ್ತಿರ 'ಇವರು'. ಆಸ್ಪತ್ರೆಗೆ ಸೇರಿಸಿದ ದಿನ ಕೌಂಟರಿನಲ್ಲಿ ಹೆಸರು ಕೇಳಿದಾಗಲೂ ನನ್ನನ್ನು ಮುಂದೆ ತಳ್ಳಿದ್ದಳು. ಈಗ ದಾಮೋದರ ಅಂಕಲ್‌ನ ಮುಖಕ್ಕೆ ಮುಖ ಕೊಟ್ಟು, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು.

"ಜಗನ್ನಾಥ. ಇವರ ಹೆಸರು ಜಗನ್ನಾಥ. ಹೇಳಿ ದಾಮೋದರಣ್ಣ."

"ಅಕ್ಕ, ನಾವು ಪ್ರೀತಿಯಲ್ಲಿ..."

"ಪ್ರೀತಿ ಬೇಡ. ಹೆಸರು ಹೇಳಿ."

ಅಪ್ಪ ಗೋಡೆಯ ಕಡೆ ತಿರುಗಿದರು. ಅವರ ಭುಜ ಅಲ್ಲಾಡುತ್ತಿತ್ತು. ದಾಮೋದರ ಅಂಕಲ್ ಹುಡುಗರನ್ನು ನೋಡಿದರು, ನನ್ನನ್ನು ನೋಡಿದರು, ಮೀಸೆ ಒರೆಸಿಕೊಂಡರು. ಕೊನೆಗೆ ಹೇಳಿದರು, ಎಷ್ಟು ಮೆಲ್ಲಗೆಂದರೆ ಹಾಸಿಗೆಯ ಪಕ್ಕದಲ್ಲೇ ಇದ್ದ ನನಗೂ ಸರಿಯಾಗಿ ಕೇಳಿಸಲಿಲ್ಲ.

"ಇನ್ನೊಮ್ಮೆ" ಎಂದಳು ಅಮ್ಮ.